ಬೀಟಲ್‌ನ ಬಿಸಿ ಇಳಿಸಿದ ಕೆಲಸ: ತಗಡು, ರಬ್ಬರ್, ಆಗುಂಬೆ ಘಾಟಿ

ಗಾಡಿ: ಫೋಕ್ಸ್‌ವ್ಯಾಗನ್ ಬೀಟಲ್ 1300, 1969ರ ಮಾದರಿ. ಎಂಜಿನ್ ಹಿಂದೆ, 1285 ಸಿಸಿ, ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ರೇಡಿಯೇಟರ್ ಇಲ್ಲ, ನೀರಿಲ್ಲ. ಇಡೀ ಎಂಜಿನ್ ತಣ್ಣಗಾಗುವುದು ಒಂದು ಫ್ಯಾನಿನ ಗಾಳಿಯಿಂದ ಮತ್ತು ಎರಡೂವರೆ ಲೀಟರ್ ಆಯಿಲ್‌ನಿಂದ.

ಮಾಲೀಕ ತೀರ್ಥಹಳ್ಳಿ ಬಳಿ ಅಡಿಕೆ ತೋಟ ಇರುವ ಗೆಳೆಯ. ಕಾರು ಅವನ ಅಜ್ಜನ ಕಾಲದಿಂದ ಮನೆಯಲ್ಲಿದೆ. ಅದನ್ನು ನೋಡಿಕೊಳ್ಳುವವರು ನಾವು ನಾಲ್ವರು: ತೋಟದ ಗೆಳೆಯ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಲೇತ್ ಅಂಗಡಿ ಇಟ್ಟಿರುವ ಗೆಳೆಯ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು ಮತ್ತು ನಾನು. ಖರ್ಚು ನಾಲ್ಕು ಪಾಲು, ಸುತ್ತಾಟವೂ ನಾಲ್ಕು ಪಾಲು.

ಬೇಸಿಗೆಯ ಉದ್ದಕ್ಕೂ ನಡೆದ ಕೆಲಸದ ದಾಖಲೆ ಇದು. ಗಾಳಿಯಿಂದ ತಣ್ಣಗಾಗುವ ಹಳೆಯ ಗಾಡಿ ಇಟ್ಟುಕೊಂಡು ಘಾಟಿ ಹತ್ತಿಸುವವರಿಗೆ ಉಪಯೋಗವಾಗಲಿ ಎಂದು ಅಳತೆ, ಬೆಲೆಗಳ ಸಮೇತ ಬರೆದಿದ್ದೇನೆ.

1. ತೊಂದರೆ ಏನಿತ್ತು (ಮಾರ್ಚ್ ಮೊದಲ ವಾರ)

ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ಗಾಡಿ ತಕರಾರು ಮಾಡುತ್ತಿರಲಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಮಾತ್ರ ಅದರ ಸ್ವಭಾವವೇ ಬೇರೆ. ಆ ಘಾಟಿಯಲ್ಲಿ ಹೇರ್‌ಪಿನ್ ತಿರುವುಗಳು 14. ಅರ್ಧ ದಾಟುವಷ್ಟರಲ್ಲಿ ಪಿಕಪ್ ಸತ್ತುಹೋಗುತ್ತಿತ್ತು, ಎರಡನೇ ಗೇರಿನಲ್ಲಿಯೂ ನಾಕಿಂಗ್ (ಎಂಜಿನ್ ಒಳಗಿನ ಬಡಿತದ ಸದ್ದು) ಕೇಳುತ್ತಿತ್ತು, ಹಿಂದಿನಿಂದ ಸುಟ್ಟ ಆಯಿಲ್ ವಾಸನೆ ಬರುತ್ತಿತ್ತು. ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ನಿಲ್ಲಿಸಿ ಎಂಜಿನ್ ಸ್ಲೋ ಬಿಟ್ಟರೆ ಆಯಿಲ್ ಒತ್ತಡದ ದೀಪ ಮಿಣುಕುತ್ತಿತ್ತು.

ಊಹೆ ಮಾಡುವ ಬದಲು ಅಳೆಯೋಣ ಎಂದವರು ಮೇಷ್ಟ್ರು. ತಂತಿ ಸಂವೇದಕ ಇರುವ ಡಿಜಿಟಲ್ ತಾಪಮಾಪಕ ಕೊಂಡೆವು (1,150 ರೂಪಾಯಿ). ಆಯಿಲ್ ಕಡ್ಡಿ ಇಳಿಯುವ ಕೊಳವೆಯಲ್ಲಿ ಕಡ್ಡಿಯ ಬದಲು ಆ ತಂತಿ ಇಳಿಸಿ, ಬಾಯಿಗೆ ರಬ್ಬರ್ ಬಿರಡೆ ಹಾಕಿ, ಮಾಪಕವನ್ನು ಮುಂದಿನ ಸೀಟಿಗೆ ಎಳೆದುಕೊಂಡೆವು. ಸಮತಟ್ಟು ರಸ್ತೆಯಲ್ಲಿ 104 ಡಿಗ್ರಿ ಸೆಲ್ಸಿಯಸ್. ಘಾಟಿಯ ನಡುವೆ 124. ತುದಿಯಲ್ಲಿ 131. ಈ ಎಂಜಿನ್‌ನ ಆಯಿಲ್ 80ರಿಂದ 110ರ ನಡುವೆ ಇದ್ದರೆ ನೆಮ್ಮದಿ. 120 ದಾಟಿದರೆ ಆಯಿಲ್ ತೆಳುವಾಗಿ ಬೇರಿಂಗ್‌ಗಳಿಗೆ ಕುತ್ತು.

2. ಮೊದಲು ಅಗ್ಗದ ಕೆಲಸ

ಮೆಕ್ಯಾನಿಕ್‌ಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ, ಪೆಟ್ರೋಲ್ ಕಡಿಮೆ ಹೋಗುತ್ತಿದೆ, ಆಯಿಲ್ ಪಂಪ್ ಸವೆದಿದೆ. ಮೂರೂ ಆಗಿರಬಹುದಾದ ಕಾರಣಗಳೇ. ಹಾಗಾಗಿ ಎಂಜಿನ್ ಇಳಿಸದೆ ಮಾಡಬಹುದಾದದ್ದನ್ನೆಲ್ಲ ಮೊದಲು ಮಾಡಿದೆವು.

ಕಿಡಿ ಹುಟ್ಟಿಸುವ ಭಾಗಗಳಾದ ಪಾಯಿಂಟ್, ಕಂಡೆನ್ಸರ್, ನಾಲ್ಕು ಪ್ಲಗ್ ಹೊಸದು: 1,450 ರೂಪಾಯಿ. ಪಾಯಿಂಟ್ ಅಂತರ 0.4 ಮಿ.ಮೀ., ಪ್ಲಗ್ ಅಂತರ 0.7 ಮಿ.ಮೀ. ಟೈಮಿಂಗ್ ಅನ್ನು ಪುಲ್ಲಿಯ ಗುರುತಿನ ಮೇಲೆ 7.5 ಡಿಗ್ರಿಗೆ ಕೂರಿಸಿದೆವು. ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು) ಎಂಟೂ 0.15 ಮಿ.ಮೀ., ಎಂಜಿನ್ ರಾತ್ರಿಯಿಡೀ ತಣಿದ ಮೇಲೆ ಬೆಳಿಗ್ಗೆ ನೋಡಿದ್ದು. ಬಿಸಿ ಎಂಜಿನ್‌ನಲ್ಲಿ ಟ್ಯಾಪೆಟ್ ನೋಡುವುದು ಈ ಗಾಡಿಗೆ ಸಲ್ಲದು. ಸೊಲೆಕ್ಸ್ ಕಾರ್ಬುರೇಟರ್ ಬಿಚ್ಚಿ ಜೆಟ್‌ಗಳನ್ನು ಪೆಟ್ರೋಲ್ ಮತ್ತು ಗಾಳಿಯಿಂದ ತೊಳೆದೆವು. ತಂತಿ ತೂರಿಸಲಿಲ್ಲ, ತೂರಿಸಿದರೆ ತೂತು ದೊಡ್ಡದಾಗುತ್ತದೆ.

ಮತ್ತೆ ಘಾಟಿ ಹತ್ತಿಸಿದೆವು. ಸ್ಟಾರ್ಟಿಂಗ್ ಸುಧಾರಿಸಿತ್ತು, ನಾಕಿಂಗ್ ಸ್ವಲ್ಪ ತಗ್ಗಿತ್ತು. ತುದಿಯಲ್ಲಿ ಆಯಿಲ್ 129 ಡಿಗ್ರಿ. ಎರಡು ಡಿಗ್ರಿ ಇಳಿದದ್ದನ್ನು ಲಾಭವೆಂದು ನಾನು ಎಣಿಸುವುದಿಲ್ಲ.

ಕಂಪ್ರೆಷನ್ (ಸಿಲಿಂಡರ್ ಒಳಗೆ ಒತ್ತಿದ ಗಾಳಿಯ ಒತ್ತಡ) ನೋಡಿದಾಗ ದಾರಿ ಕಂಡಿತು. ಒಂದನೇ ಸಿಲಿಂಡರ್ 120 ಪಿಎಸ್‌ಐ, ಎರಡು 118, ನಾಲ್ಕು 112. ಮೂರನೆಯದು 85. ಈ ಎಂಜಿನ್‌ನಲ್ಲಿ ಮೂರನೆಯದು ಎಡಬದಿಯ ಮುಂದಿನದು. ಆಯಿಲ್ ತಣಿಸುವ ಕೂಲರ್ ಫ್ಯಾನ್ ಹೌಸಿಂಗ್ (ಫ್ಯಾನ್ ಸುತ್ತಲಿನ ತಗಡಿನ ಕವಚ) ಒಳಗೆ ಅದರ ನೆತ್ತಿಯ ಮೇಲೆಯೇ ನೆಟ್ಟಗೆ ನಿಂತಿರುತ್ತದೆ. ಕೂಲರ್ ದಾಟಿ ಬಿಸಿಯಾದ ಗಾಳಿಯೇ ಅದಕ್ಕೆ ಸಿಗುವುದು. ಎಲ್ಲಕ್ಕಿಂತ ಮೊದಲು ಬೇಯುವುದು ಅದೇ ಸಿಲಿಂಡರ್. ಅದೇ ಸೋತಿದೆ ಎಂದರೆ ಹುಡುಕಬೇಕಾದದ್ದು ಗಾಳಿಯ ದಾರಿಯನ್ನು.

3. ಎಂಜಿನ್ ಇಳಿಸಿದ್ದು (ಮಾರ್ಚ್ ಕೊನೆ)

ಜಾಗ: ತೋಟದ ಮನೆಯ ಅಡಿಕೆ ಒಣಗಿಸುವ ಅಂಗಳ. ಕೊಯ್ಲು, ಸುಲಿತ ಎಲ್ಲ ಮುಗಿದು ಅಂಗಳ ಖಾಲಿಯಾಗಿತ್ತು.

ಬೇಕಾದದ್ದು: 17, 13, 10ರ ಸ್ಪ್ಯಾನರುಗಳು, ಟ್ರಾಲಿ ಜಾಕಿ, ಹಲಸಿನ ಮರದ ದಿಮ್ಮಿಗಳು, ಎಂಜಿನ್ ಕೂರಿಸಲು ದಪ್ಪ ಹಲಗೆ, ಇಬ್ಬರು ಗಟ್ಟಿ ಆಳು.

ಬೀಟಲ್‌ನ ಎಂಜಿನ್ ಗೇರ್‌ಬಾಕ್ಸಿಗೆ ಅಂಟಿ ನಿಂತಿರುವುದು ನಾಲ್ಕೇ ಬೋಲ್ಟುಗಳಲ್ಲಿ, ಎಲ್ಲವೂ 17ರವು. ಬ್ಯಾಟರಿ ತಂತಿ ಕಳಚುವುದು, ಪೆಟ್ರೋಲ್ ಪೈಪಿಗೆ ಬಿರಡೆ ಹಾಕುವುದು, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ಡೈನಮೋ ಮತ್ತು ಕಾಯಿಲ್ ತಂತಿಗಳನ್ನು ಬಿಡಿಸುವುದು, ಆಮೇಲೆ ಆ ನಾಲ್ಕು ಬೋಲ್ಟು. ಬಲಮೇಲಿನದು ಫ್ಯಾನ್ ಹೌಸಿಂಗ್ ಹಿಂದೆ ಅಡಗಿರುತ್ತದೆ. ಒಬ್ಬರು ಕಾರಿನಡಿ ಮಲಗಿ ಬಿಚ್ಚಬೇಕು, ಇನ್ನೊಬ್ಬರು ಮೇಲಿನಿಂದ ಕೈ ತೂರಿಸಿ ಹಿಡಿದುಕೊಳ್ಳಬೇಕು. ನಮ್ಮಲ್ಲಿ ತೋಳು ತೆಳ್ಳಗಿರುವುದು ಮೇಷ್ಟ್ರದ್ದು, ಹಾಗಾಗಿ ಆ ಕೆಲಸ ಅವರದೇ.

ಎಂಜಿನ್ ಮೇಲೆತ್ತುವಂತಿಲ್ಲ, ಕೆಳಗಿಳಿಸಿ ಹಿಂದಕ್ಕೆ ಎಳೆದುಕೊಳ್ಳಬೇಕು. ನೂರು ಕಿಲೋ ಮೀರುವ ಭಾರ. ಹಿಂದಿನ ಬಂಪರಿನ ಕೆಳಗೆ ಸುಮಾರು ಮೂರು ಅಡಿ ತೆರವು ಬೇಕು. ಕಾರನ್ನು ದಿಮ್ಮಿಗಳ ಮೇಲೆ ಹಂತ ಹಂತವಾಗಿ ಎತ್ತಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಜಾಕಿಯನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಬೋಲ್ಟು ಬಿಚ್ಚಿದ ಮೇಲೆ ಎಂಜಿನ್ ಅನ್ನು ನೇರವಾಗಿ ಹಿಂದಕ್ಕೆ ಸರಿಸಿ, ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ಚಿನಿಂದ ಪೂರ್ತಿ ಹೊರಬಂದದ್ದು ಖಾತ್ರಿಯಾದ ಮೇಲೆಯೇ ಇಳಿಸಬೇಕು. ಮೊದಲೇ ಇಳಿಸಿದರೆ ಎಂಜಿನ್‌ನ ಪೂರ್ತಿ ಭಾರ ಆ ಶಾಫ್ಟಿನ ಮೇಲೆ ಬಿದ್ದು ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ.

4. ಫ್ಯಾನ್ ಹೌಸಿಂಗ್ ಒಳಗೆ ಸಿಕ್ಕಿದ್ದು

ಡೈನಮೋ ಪಟ್ಟಿ ಬಿಚ್ಚಿ, ಎರಡು ಬದಿಯ ತಿರುಪುಗಳನ್ನು ತೆಗೆದು, ಹೌಸಿಂಗ್ ಎತ್ತಿದೆವು. ಎಡಬದಿಯಲ್ಲಿ ಇಲಿಗೂಡು. ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು, ಹರಿದ ಗೋಣಿಯ ಎಳೆ, ಒಣಗಿದ ಎಲೆಗಳು, ಎಲ್ಲವೂ ಆಯಿಲ್‌ನಲ್ಲಿ ನೆಂದು ಕಾದು ಹಲಗೆಯಂತೆ ಗಟ್ಟಿಯಾಗಿದ್ದವು. ಆಯಿಲ್ ಕೂಲರಿನ ಕೆಳ ಅರ್ಧ ಮುಚ್ಚಿಹೋಗಿತ್ತು. ಮೂರನೇ ಸಿಲಿಂಡರಿನ ರೆಕ್ಕೆಗಳ (ಬಿಸಿ ಬಿಡುವ ತೆಳು ಲೋಹದ ಪದರಗಳ) ಸಂದಿಯಲ್ಲಿ ಬೆಳಕು ಹಾಯಲೂ ಜಾಗವಿರಲಿಲ್ಲ.

ಕಾರು ಅನೇಕ ವರ್ಷ ಅಡಿಕೆ ಗೋದಾಮಿನ ಮಗ್ಗುಲಲ್ಲಿ ನಿಂತಿತ್ತು. ನಾರು ನೋಡಿ ಗೆಳೆಯನ ಅಮ್ಮ ಹೇಳಿದರು: "ಸುಲಿತದ ಸಮಯದಲ್ಲಿ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕಲ್ಲಪ್ಪ, ನಿಮ್ಮ ಕಾರಿಗಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?" ಅಡಿಕೆ ಮನೆಯ ಬಳಿ ಹಳೆಯ ಬೀಟಲ್ ನಿಲ್ಲಿಸಿಟ್ಟವರು ಯಾರೇ ಇದ್ದರೂ ಹೌಸಿಂಗ್ ಎತ್ತಿ ನೋಡದೆ ರಸ್ತೆಗೆ ತರಬೇಡಿ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ಬೆಲ್ಟ್ ಬಿಗಿಯಾಗಿರುತ್ತದೆ, ಎಲ್ಲ ಸರಿ ಇದೆ ಎನಿಸುತ್ತದೆ.

ಗೂಡಿನ ಜೊತೆಗೆ ಇನ್ನೂ ನಾಲ್ಕು ಕೊರತೆ ಕಂಡವು. ಅವುಗಳಲ್ಲಿ ಮೊದಲ ಮೂರು, ಹಿಂದೆ ಯಾರೋ ಎಂಜಿನ್ ಬಿಚ್ಚಿದವರು ಮರುಜೋಡಣೆಯಲ್ಲಿ "ಬೇಡದ ತಗಡು" ಎಂದು ಬಿಟ್ಟ ವಸ್ತುಗಳು.

ಸಿಲಿಂಡರುಗಳ ಕೆಳಗೆ, ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಕೊಳವೆಗಳ ಮೇಲೆ ಕೂರಬೇಕಾದ ಗಾಳಿ ತಿರುಗಿಸುವ ತಗಡು ಎರಡೂ ಬದಿಯಲ್ಲಿ ಇರಲಿಲ್ಲ. ಹೌಸಿಂಗ್ ಒಳಗಿನ ಗಾಳಿ ಬಾಗಿಲುಗಳೂ ಅವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಕೂಡ ಇರಲಿಲ್ಲ. ಹೌಸಿಂಗ್‌ನಿಂದ ಹೀಟರಿಗೆ ಹೋಗುವ ಮೆದು ಕೊಳವೆ ಒಂದು ಬದಿಯಲ್ಲಿ ಇಲ್ಲದೆ ತೂತು ತೆರೆದೇ ಇತ್ತು, ಅಲ್ಲಿಂದ ಗಾಳಿ ಸುಮ್ಮನೆ ಸೋರುತ್ತಿತ್ತು. ಕೊನೆಯದಾಗಿ, ಎಂಜಿನ್ ಕೋಣೆಯ ಸುತ್ತ ತಗಡಿನ ಅಂಚನ್ನು ಕಚ್ಚಿಕೊಳ್ಳಬೇಕಾದ ರಬ್ಬರ್ ಪಟ್ಟಿ ಪುಡಿಯಾಗಿ ಉದುರಿತ್ತು.

ಈ ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಆ ರಬ್ಬರ್ ಇದ್ದರೆ ಮೇಲಿನ ತಣ್ಣನೆಯ ಗಾಳಿ ಮೇಲೆ, ಸಿಲಿಂಡರ್ ದಾಟಿದ ಬಿಸಿಗಾಳಿ ಕೆಳಗೆ. ಇಲ್ಲದಿದ್ದರೆ ಸೈಲೆನ್ಸರ್ ಪಕ್ಕದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ಈ ಫ್ಯಾನ್ ಕ್ರ್ಯಾಂಕಿಗಿಂತ (ಎಂಜಿನ್‌ನ ಮುಖ್ಯ ಶಾಫ್ಟಿಗಿಂತ) ಹತ್ತಿರ ಹತ್ತಿರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಎಂಜಿನ್ 4000 ಸುತ್ತಿನಲ್ಲಿರುವಾಗ ಸೆಕೆಂಡಿಗೆ 500 ಲೀಟರಿಗೂ ಹೆಚ್ಚು ಗಾಳಿ ತಳ್ಳುತ್ತದೆ. ಅಷ್ಟು ಗಾಳಿಯೂ ಬಿಸಿಯದೇ ಆದರೆ ಫ್ಯಾನ್ ಇದ್ದು ಏನು ಪ್ರಯೋಜನ? ತಗಡನ್ನು ಅಲಂಕಾರವೆಂದು ತಿಳಿದು ಎಸೆಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಈ ಎಂಜಿನ್‌ಗೆ ಆ ತಗಡುಗಳೇ ರೇಡಿಯೇಟರ್.

ಸ್ವಚ್ಛ ಮಾಡಿದ ರೀತಿ: ದೊಡ್ಡ ತುಂಡುಗಳನ್ನು ಕೈಯಿಂದ, ರೆಕ್ಕೆಗಳ ಸಂದಿಯನ್ನು ಬಿದಿರಿನ ಸೀಳಿನಿಂದ. ಕಬ್ಬಿಣದ ಕಡ್ಡಿ ಬಳಸಲಿಲ್ಲ, ಹೆಡ್ (ಸಿಲಿಂಡರಿನ ತಲೆಭಾಗ) ಅಲ್ಯೂಮಿನಿಯಂನದು. ಆಮೇಲೆ ಡೀಸೆಲ್ ಬಳಿದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬ್ರಷ್, ಸೋಪುನೀರು, ಕಂಪ್ರೆಸರ್ ಗಾಳಿ. ಆಯಿಲ್ ಕೂಲರಿನ ಎರಡು ಬಾಯಿಗೆ ತಗಡಿನ ಮುಚ್ಚಳ ಮಾಡಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಕೊಟ್ಟು ನೋಡಿದೆವು. ಗುಳ್ಳೆ ಬರಲಿಲ್ಲ. ಕೂಲರ್ ಗಟ್ಟಿಯಾಗಿತ್ತು.

5. ಹೆಡ್ ಮತ್ತು ವಾಲ್ವ್ (ಏಪ್ರಿಲ್)

ಎಡ ಹೆಡ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು ಕೊರೆದಿತ್ತು. 85 ಪಿಎಸ್‌ಐಗೆ ಕಾರಣ ಅಲ್ಲೇ. ಬಲ ಹೆಡ್ ಚೆನ್ನಾಗಿತ್ತು, ಆದರೂ ಎಕ್ಸಾಸ್ಟ್ ವಾಲ್ವ್ ನಾಲ್ಕನ್ನೂ ಹೊಸದು ಹಾಕಿದೆವು. ಬೆಂದ ಎಕ್ಸಾಸ್ಟ್ ವಾಲ್ವಿನ ತಲೆ ಓಟದಲ್ಲಿ ಮುರಿದು ಬಿದ್ದರೆ ಪಿಸ್ಟನ್, ಸಿಲಿಂಡರ್, ಹೆಡ್ ಮೂರೂ ಹೋಗುತ್ತವೆ. ಅಲ್ಲಿ ಉಳಿತಾಯ ಮಾಡುವುದು ಸರಿಯಲ್ಲ.

ಹಳೆಯ ಬೀಟಲ್ ನಮ್ಮ ದೇಶದಲ್ಲಿ ಎಂದೂ ತಯಾರಾಗಲಿಲ್ಲ. ಆದರೆ ಮೆಕ್ಸಿಕೋದಲ್ಲಿ 2003ರ ಜುಲೈವರೆಗೂ ಇದೇ ಕಾರು ಹೊರಬರುತ್ತಿತ್ತು, ಒಟ್ಟು ಸಂಖ್ಯೆ ಎರಡು ಕೋಟಿ ದಾಟಿತ್ತು. ಹಾಗಾಗಿ ಬಿಡಿಭಾಗ ಇಂದಿಗೂ ಹೊರದೇಶದಲ್ಲಿ ತಯಾರಾಗುತ್ತದೆ. ವಾಲ್ವ್, ಪ್ಯಾಕಿಂಗ್ ಸೆಟ್, ಪುಶ್‌ರಾಡ್ ಕೊಳವೆಗಳ ಸೀಲ್, ಫ್ಲೈವೀಲ್ (ಕ್ರ್ಯಾಂಕ್ ತುದಿಯ ಭಾರದ ಚಕ್ರ) ಹಿಂದಿನ ಮೇನ್ ಸೀಲ್, ಎಲ್ಲ ಸೇರಿ ಸುಂಕದ ಸಮೇತ 14,800 ರೂಪಾಯಿ. ಪಾರ್ಸೆಲ್ ಬರುವವರೆಗೆ ಕೆಲಸ ನಿಂತಿತು.

ಆ ನಡುವೆ ಸೀಟ್ ಕಟಿಂಗ್ (ವಾಲ್ವ್ ಕೂರುವ ಅಂಚನ್ನು ಸರಿಮಾಡುವುದು) ಶಿವಮೊಗ್ಗದಲ್ಲಿಯೇ ಆಯಿತು, 1,800 ರೂಪಾಯಿ. ವಾಲ್ವ್ ಬಂದ ಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಲ್ಲೇ ಉಜ್ಜಿದೆವು. ಪೆಟ್ರೋಲ್ ಸುರಿದು ಹದಿನೈದು ನಿಮಿಷ ಇಟ್ಟರೂ ಒಂದು ಹನಿ ಇಳಿಯದಿದ್ದರೆ ಸರಿಯಾಯಿತು ಎಂದರ್ಥ.

ಪುಶ್‌ರಾಡ್ ಕೊಳವೆಗಳ ಬಗ್ಗೆ ಒಂದು ಮಾತು. ಈ ಕೊಳವೆಗಳ ಎರಡೂ ತುದಿಯಲ್ಲಿ ಮಡಿಕೆಗಳಿರುತ್ತವೆ. ಹೆಡ್ ಬಿಗಿಯುವಾಗ ಅವು ಒತ್ತಿಕೊಂಡು ಸೀಲ್ ಹಿಡಿಯುತ್ತವೆ. ಹಳೆಯ ಕೊಳವೆಯನ್ನು ಹಾಗೆಯೇ ಹಾಕಿದರೆ ಒತ್ತಡ ಸಾಲದೆ ಆಯಿಲ್ ಸೋರುತ್ತದೆ. ಕೈಯಿಂದ ಮೆಲ್ಲಗೆ ಹಿಗ್ಗಿಸಿ 190 ಮಿ.ಮೀ. ಉದ್ದಕ್ಕೆ ತರಬೇಕು. ಪಾರ್ಸೆಲ್ ತಡವಾಯಿತೆಂದು ಸ್ಥಳೀಯವಾಗಿ ಕಾರ್ಕ್ ಹಾಳೆಯಲ್ಲಿ ಸೀಲ್ ಕತ್ತರಿಸಿ (160 ರೂಪಾಯಿ) ಬಲಬದಿ ಜೋಡಿಸಿ ನೋಡಿದೆವು. ಆಯಿಲ್ ತುಂಬಿ ರಾತ್ರಿ ಬಿಟ್ಟಾಗಲೇ ಅಂಗಳದ ಮೇಲೆ ತಟ್ಟೆಯಷ್ಟು ಕಲೆ. ಹೆಡ್ ಮತ್ತೆ ಬಿಚ್ಚಬೇಕಾಯಿತು. ಪಾರ್ಸೆಲ್‌ನಲ್ಲಿ ಬಂದ ಸಿಲಿಕೋನ್ ಸೀಲ್ ಹಾಕಿದ ಮೇಲೆ ಸೋರಿಕೆ ನಿಂತಿತು. ಕಾರ್ಕ್ ಮಾಡಿಕೊಂಡು ಸಮಯ ಉಳಿಸಲು ಹೋಗಬೇಡಿ.

ಹೆಡ್ ನಟ್‌ಗಳನ್ನು ಮೊದಲು 1 ಕೆ.ಜಿ. ಮೀಟರ್ ಬಿಗಿತಕ್ಕೆ (ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಕಿಲೋ ಭಾರ), ನಂತರ ಪುಸ್ತಕದಲ್ಲಿರುವ ಎರಡನೇ ಕ್ರಮದಲ್ಲಿ 3.2ಕ್ಕೆ ಬಿಗಿದೆವು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇಲ್ಲದೆ ಇದನ್ನು ಕೈಗೆತ್ತಿಕೊಳ್ಳಬಾರದು. ಸ್ಟಡ್ ಎಳೆದುಕೊಂಡು ಬಂದರೆ ಕ್ರ್ಯಾಂಕ್‌ಕೇಸೇ ಹಾಳು.

6. ತಗಡು

ಇದು ಲೇತ್ ಗೆಳೆಯನ ಕೆಲಸ, ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಹೆಮ್ಮೆ ಇರುವ ಭಾಗವೂ ಹೌದು. ಕೆಳಗಿನ ತಗಡುಗಳನ್ನು ತರಿಸಬಹುದಿತ್ತು, ಆದರೆ ಹಗುರ ವಸ್ತುವಿಗೆ ಸಾಗಾಟದ ಖರ್ಚೇ ಹೆಚ್ಚು. ಕೊಪ್ಪದ ಕಡೆ ಕಾಫಿ ತೋಟವೊಂದರಲ್ಲಿ ಇನ್ನೊಂದು ಬೀಟಲ್ ಇದೆ ಎಂದು ತಿಳಿದು ಅಲ್ಲಿಗೆ ಹೋದೆವು. ಅದರ ಮಾಲೀಕರು ಹಿರಿಯರು. ಬಿಚ್ಚಿಟ್ಟಿದ್ದ ಹೆಚ್ಚುವರಿ ಎಂಜಿನ್ ಒಂದರ ತಗಡನ್ನು ಕೈಗೆ ಕೊಟ್ಟು, "ಅಳತೆ ತೆಗೆದುಕೊಳ್ಳಿ, ಆದರೆ ಇಲ್ಲಿಂದ ಹೊರಗೆ ಒಯ್ಯಬೇಡಿ" ಎಂದರು. ಅವರ ಜಗಲಿಯಲ್ಲಿಯೇ ಕೂತು ದಪ್ಪ ರಟ್ಟಿನಲ್ಲಿ ಅಚ್ಚು ತೆಗೆದೆವು, ಬಾಗುಗಳ ಕೋನವನ್ನು ಮೇಷ್ಟ್ರು ಕೋನಮಾಪಕದಲ್ಲಿ ಅಳೆದು ಬರೆದುಕೊಂಡರು. ಹೊರಡುವಾಗ ಒಂದು ಡಬ್ಬಿ ಕಾಫಿಪುಡಿಯನ್ನೂ ಕೊಟ್ಟರು.

ಒಂದು ಮಿ.ಮೀ. ದಪ್ಪದ ಜಿಐ ಹಾಳೆ, 600 ರೂಪಾಯಿ. ಮೊದಲ ಜೋಡಿ ಕೂರಲಿಲ್ಲ. ರಟ್ಟು ಬಾಗಿದ ಹಾಗೆ ತಗಡು ಬಾಗುವುದಿಲ್ಲ. ಬಾಗಿನ ಹೊರಮೈಯಲ್ಲಿ ಅಳತೆ ಬೆಳೆದು ತುದಿಗಳು ಸಿಲಿಂಡರ್ ರೆಕ್ಕೆಗೆ ತಾಗುತ್ತಿದ್ದವು, ತಟ್ಟಿದರೆ ಗಲಗಲ ಎನ್ನುತ್ತಿದ್ದವು. ಎರಡನೇ ಜೋಡಿಯಲ್ಲಿ ಪ್ರತಿ ಬಾಗಿಗೂ ಒಂದೂವರೆ ಮಿ.ಮೀ. ಕಡಿಮೆ ಹಿಡಿದು, ಸ್ಟಡ್‌ಗಳ ನಡುವೆ ಸ್ಪ್ರಿಂಗಿನಂತೆ ಒತ್ತಿಕೊಂಡು ನಿಲ್ಲುವಂತೆ ಅಂಚು ಮಡಿಸಿದನು. ಈಗ ಬೆರಳಲ್ಲಿ ಅಲುಗಿಸಿದರೂ ಅಲುಗುವುದಿಲ್ಲ.

ಕ್ರಮ ಮುಖ್ಯ: ಈ ತಗಡು ಕೂರಿಸಿದ ಮೇಲೆಯೇ ಪುಶ್‌ರಾಡ್ ಕೊಳವೆ. ಹೆಡ್ ಬಿಗಿದ ಮೇಲೆ ನೆನಪಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಹೌಸಿಂಗ್ ಒಳಗಿನ ಗಾಳಿ ಬಾಗಿಲುಗಳನ್ನೂ ಅದೇ ಹಾಳೆಯಲ್ಲಿ ಮಾಡಿದೆವು. ಥರ್ಮೋಸ್ಟಾಟ್ ಮಾತ್ರ ತರಿಸಿದ್ದು, 3,900 ರೂಪಾಯಿ. ಅದು ಮಡಿಕೆ ಮಡಿಕೆಯ ಹಿತ್ತಾಳೆ ಡಬ್ಬಿ, ಬಿಸಿಯಾದಂತೆ ಉದ್ದವಾಗುತ್ತದೆ. ಹಾಕುವ ಮೊದಲು ಅಡುಗೆಮನೆಯಲ್ಲಿ ಪಾತ್ರೆಯ ನೀರಿನಲ್ಲಿ ಇಟ್ಟು ಕಾಯಿಸಿ ನೋಡಿದೆವು. 65ರಿಂದ 70 ಡಿಗ್ರಿಯೊಳಗೆ 46 ಮಿ.ಮೀ. ಉದ್ದಕ್ಕೆ ಬರಬೇಕು, ಬಂತು. ನಮ್ಮ ಹವೆಗೆ ಇದು ಬೇಡ ಎನ್ನುವವರಿದ್ದಾರೆ. ಆದರೆ ಮಲೆನಾಡಿನ ಜುಲೈ ಬೆಳಗಿನಲ್ಲಿ ಎಂಜಿನ್ ಬೇಗ ಬಿಸಿಯಾಗುವುದೂ ಬೇಕು. ತಣ್ಣಗಿನ ಎಂಜಿನ್‌ನಲ್ಲಿ ಓಡಿದ ಪ್ರತಿ ಕಿಲೋಮೀಟರೂ ಸವೆತವೇ.

7. ರಬ್ಬರ್

ಅಸಲಿ ಪಟ್ಟಿಯ ಅಡ್ಡಕೊಯ್ತ ಇಂಗ್ಲಿಷಿನ ಎಚ್ ಅಕ್ಷರದಂತೆ: ಒಂದು ತೋಡು ಬಾಡಿಯ ಅಂಚಿಗೆ, ಇನ್ನೊಂದು ಎಂಜಿನ್ ತಗಡಿಗೆ. ಸೈಕಲ್ ಟ್ಯೂಬ್ ಸೀಳಿ ಅಂಟಿಸಿ ನೋಡಿದ್ದಾಯಿತು, ಮೊದಲ ಬಿಸಿಗೇ ಸುಲಿದು ಬಂತು. ಕೊನೆಗೆ ಬಸ್ಸಿನ ಗಾಜಿಗೆ ಹಾಕುವ ಬೀಡಿಂಗ್ ಹೊಂದಿತು. ನಾಲ್ಕು ಮೀಟರ್, 480 ರೂಪಾಯಿ. ಒಂದು ಬದಿಯ ತುಟಿಯನ್ನು ಬ್ಲೇಡಿನಿಂದ ಸ್ವಲ್ಪ ತೆಗೆಯಬೇಕಾಯಿತು. ಕೂರಿಸುವಾಗ ಸೋಪುನೀರು ಸಾಕು, ಅಂಟು ಬೇಡ. ಪ್ಲಗ್ ತಂತಿಗಳು ತಗಡನ್ನು ತೂರುವಲ್ಲಿರುವ ರಬ್ಬರ್ ಬಿಲ್ಲೆಗಳನ್ನೂ ಬಿಡಬಾರದು. ಬೆರಳಿನಷ್ಟು ತೂತಾದರೂ ಬಿಸಿಗಾಳಿ ಮೇಲೆ ಬರುತ್ತದೆ.

8. ಬೆಂಕಿಯ ಕೆಲಸ

ಎಂಜಿನ್ ಹೊರಗಿರುವಾಗ ಮಾಡಲೇಬೇಕಾದದ್ದು ಪೆಟ್ರೋಲ್ ಪೈಪು. ಹಳೆಯದರ ಬಟ್ಟೆ ಹೊದಿಕೆ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು, ಬಗ್ಗಿಸಿದರೆ ಒಳಗಿನ ರಬ್ಬರ್ ಬಿರುಕು. ಎಲ್ಲವನ್ನೂ ಹೊಸದು ಮಾಡಿದೆವು, ಕ್ಲಿಪ್ ಸಮೇತ 720 ರೂಪಾಯಿ. ಹಿಂದೆ ಯಾರೋ ಡಿಸ್ಟ್ರಿಬ್ಯೂಟರ್ ಮೇಲೆಯೇ ತೂಗುಬಿಟ್ಟಿದ್ದ ಪ್ಲಾಸ್ಟಿಕ್ ಫಿಲ್ಟರನ್ನು ಎಂಜಿನ್ ಕೋಣೆಯ ಹೊರಗೆ, ಗೇರ್‌ಬಾಕ್ಸ್ ಪಕ್ಕಕ್ಕೆ ಒಯ್ದೆವು. ಕಿಡಿ ಹಾರುವ ವಸ್ತುವಿನ ಮೇಲೆ ಪೆಟ್ರೋಲ್ ತೂಗುಹಾಕುವುದು ಎಂದಿಗೂ ಬೇಡ.

ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿದೆ. ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿದರೆ ಕೂದಲಿನ ಮೆತ್ತೆಗೆ ಬೆಂಕಿ ಹಿಡಿಯುತ್ತದೆ, ಭಾರವಾದವರು ಹಿಂದೆ ಕುಳಿತಾಗ ಅಪಾಯ ಹೆಚ್ಚು. ಬ್ಯಾಟರಿಗೆ ರಬ್ಬರ್ ಹಾಳೆಯ ಮುಚ್ಚಳ ಮಾಡಿದೆವು. ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್, 900 ರೂಪಾಯಿ, ಚಾಲಕನ ಕೈಗೆ ಸಿಗುವಂತೆ.

9. ಫ್ಲೈವೀಲ್ (ಮೇ ಮೊದಲ ವಾರ)

ಮೇನ್ ಸೀಲ್ ಬದಲಿಸಲು ಫ್ಲೈವೀಲ್ ಬಿಚ್ಚಿದೆವು. ಮಧ್ಯದ ಒಂದೇ ನಟ್, 36 ಮಿ.ಮೀ. ಅದರ ಬಿಗಿತ 35 ಕೆ.ಜಿ. ಮೀಟರ್. ಅಷ್ಟು ದೊಡ್ಡ ಟಾರ್ಕ್ ರೆಂಚ್ ನಮ್ಮಲ್ಲಿ ಇಲ್ಲ. ಮೇಷ್ಟ್ರ ಲೆಕ್ಕ ಇದು: 70 ಕಿಲೋ ತೂಕದವರು ನಟ್‌ನ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ, ಅಡ್ಡವಾಗಿ ನೆಟ್ಟಗಿರುವ ಪೈಪಿನ ಮೇಲೆ ಪೂರ್ತಿ ಭಾರ ಬಿಟ್ಟರೆ ಸರಿಯಾಗಿ 35. ತೋಟದ ಗೆಳೆಯನನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದೆವು, 72 ಕಿಲೋ. ಪೈಪಿನ ಮೇಲೆ 49 ಸೆಂ.ಮೀ.ಗೆ ಗುರುತು ಹಾಕಿ ಹತ್ತಿಸಿದೆವು. ಫ್ಲೈವೀಲ್ ತಿರುಗದಂತೆ ಕಬ್ಬಿಣದ ಆಂಗಲ್ ಒಂದನ್ನು ಕ್ಲಚ್ ತೂತುಗಳಿಗೆ ಬೋಲ್ಟು ಹಾಕಿ ನೆಲಕ್ಕೆ ಊರಿದ್ದೆವು.

ಅದಕ್ಕೂ ಮೊದಲು ಕ್ರ್ಯಾಂಕಿನ ಹಿಂದುಮುಂದಿನ ಆಟವನ್ನು ಡಯಲ್ ಗೇಜಿನಲ್ಲಿ ನೋಡಿದ್ದೆವು: 0.12 ಮಿ.ಮೀ. 0.07ರಿಂದ 0.15ರೊಳಗೆ ಇರಬೇಕು. ಆ ಅಂಕಿ ಕಂಡು ಎಲ್ಲರಿಗೂ ಜೀವ ಬಂದಂತಾಯಿತು. ಇದು ಮೀರಿದ್ದರೆ ಎಂಜಿನ್ ಪೂರ್ತಿ ಸೀಳಬೇಕಾದ ಸಂಭವವಿತ್ತು.

ಎಂಜಿನ್ ಏರಿಸುವುದು ಇಳಿಸಿದ್ದಕ್ಕಿಂತ ಸುಲಭವಾಯಿತು. ಆಯಿಲ್ 20ಡಬ್ಲ್ಯು-50, ಎರಡೂವರೆ ಲೀಟರ್, 1,050 ರೂಪಾಯಿ. ಈ ಎಂಜಿನ್‌ಗೆ ಆಯಿಲ್ ಫಿಲ್ಟರ್ ಇಲ್ಲ, ತಳದಲ್ಲಿ ಒಂದು ಜಾಲರಿ ಮಾತ್ರ. ಅದರ ಆರು ಸಣ್ಣ ನಟ್‌ಗಳನ್ನು ಮೃದುವಾಗಿ ಬಿಗಿಯಬೇಕು.

10. ಘಾಟಿಯಲ್ಲಿ ಪರೀಕ್ಷೆ (ಮೇ ಕೊನೆ)

ಮಳೆ ಹಿಡಿಯುವ ಮೊದಲು ಹೋಗಬೇಕಿತ್ತು. ಹಿಂದೆ ಅಳೆದ ಹಾಗೆಯೇ ಮಧ್ಯಾಹ್ನದ ಹೊತ್ತು, ನಾಲ್ವರೂ ಕುಳಿತು, ಎರಡನೇ ಗೇರಿನಲ್ಲಿ. ಸಮತಟ್ಟಿನಲ್ಲಿ 91 ಡಿಗ್ರಿ. ಘಾಟಿಯ ನಡುವೆ 102. ಅಲ್ಲಿಂದ ಮೇಲೆ ಹಿಂದಿನ ಸೀಟಿನಿಂದ ಲೇತ್ ಗೆಳೆಯ ಪ್ರತಿ ತಿರುವಿಗೂ ಅಂಕಿ ಕೂಗುತ್ತಿದ್ದನು. ತುದಿಯಲ್ಲಿ 108. ಮೊದಲಿಗಿಂತ 23 ಡಿಗ್ರಿ ಕಡಿಮೆ. ನಾಕಿಂಗ್ ಇಲ್ಲ, ವಾಸನೆ ಇಲ್ಲ, ಸ್ಲೋ ಬಿಟ್ಟರೂ ದೀಪ ಹತ್ತಲಿಲ್ಲ. ಆಗುಂಬೆಯಲ್ಲಿ ಬಿಸಿ ಕಷಾಯ ಕುಡಿದು, ಮರುದಿನ ದೊಡ್ಡ ಸುತ್ತು ಹೊರಡುವುದೆಂದು ಅಲ್ಲೇ ತೀರ್ಮಾನಿಸಿದೆವು.

11. ಹುಲಿಕಲ್ ದಾರಿಯಲ್ಲಿ ಬೆಲ್ಟ್

ದಾರಿ: ಆಗುಂಬೆ ಇಳಿದು ಹೆಬ್ರಿ, ಅಲ್ಲಿಂದ ಕುಂದಾಪುರ ಕಡೆಯ ಸಿದ್ದಾಪುರ, ಹೊಸಂಗಡಿ, ಹುಲಿಕಲ್ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರ, ಹೊಸನಗರ, ಶಿವಮೊಗ್ಗ.

ಹೊಸಂಗಡಿ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಡೈನಮೋದ ಕೆಂಪು ದೀಪ ಹತ್ತಿತು. ಬೇರೆ ಕಾರಿನಲ್ಲಾದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದುಕೊಂಡು ಮುಂದಿನ ಊರಿನವರೆಗೆ ಹೋಗಬಹುದು. ಬೀಟಲ್‌ನಲ್ಲಿ ಡೈನಮೋ ಮತ್ತು ಫ್ಯಾನ್ ಒಂದೇ ಶಾಫ್ಟಿನ ಮೇಲಿವೆ, ಒಂದೇ ಬೆಲ್ಟು ಎರಡನ್ನೂ ತಿರುಗಿಸುತ್ತದೆ. ಕೆಂಪು ದೀಪ ಹತ್ತಿದರೆ ಗಾಳಿಯೂ ನಿಂತಿರಬಹುದು. ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಿದೆವು. ಬೆಲ್ಟ್ ಹರಿದಿತ್ತು. ಹಳೆಯ ಬೆಲ್ಟ್ ಚೆನ್ನಾಗಿದೆ ಎಂದು ಅದನ್ನೇ ಹಾಕಿಕೊಂಡಿದ್ದೆವು, ಹೊಸದೆರಡು (ಒಂದಕ್ಕೆ 650 ರೂಪಾಯಿ) ಮುಂದಿನ ಡಿಕ್ಕಿಯಲ್ಲಿದ್ದವು.

ಬದಲಿಸುವುದು ಹೀಗೆ: ಡೈನಮೋ ಪುಲ್ಲಿಯ ಅಂಚಿನಲ್ಲಿರುವ ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು, 21ರ ಸ್ಪ್ಯಾನರಿನಿಂದ ನಟ್ ಬಿಚ್ಚಬೇಕು. ಪುಲ್ಲಿ ಎರಡು ಹೋಳು, ನಡುವೆ ತೆಳು ವಾಷರುಗಳು. ನಡುವಿನ ವಾಷರ್ ತೆಗೆದಷ್ಟೂ ಬೆಲ್ಟ್ ಬಿಗಿ. ತೆಗೆದದ್ದನ್ನು ಎಸೆಯದೆ ಹೊರಗಡೆ ನಟ್‌ನ ಅಡಿಯಲ್ಲಿ ಇಡಬೇಕು, ಮುಂದೆ ಬೇಕಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿ.ಮೀ. ತಗ್ಗಬೇಕು. ರಸ್ತೆಬದಿಯಲ್ಲಿ ಕಾಲು ಗಂಟೆಯ ಕೆಲಸ. ಬಿಸಿ ಪುಲ್ಲಿ ಹಿಡಿಯಲು ಗೋಣಿಚೀಲ ಒದ್ದೆ ಮಾಡಿಕೊಂಡೆವು. ಹುಲಿಕಲ್ ತುದಿಯಲ್ಲಿ ಮಾಪಕ 110 ತೋರಿಸಿತು. ನಗರದ ಕೋಟೆಯ ಬಳಿ ತಿಂಡಿ ಕಟ್ಟು ಬಿಚ್ಚಿದಾಗ ಕಡುಬು ಆರಿತ್ತು, ಎಂಜಿನ್ ಆರಿರಲಿಲ್ಲ. ಬೆಲ್ಟ್ ಮತ್ತೊಮ್ಮೆ ಒತ್ತಿ ನೋಡಿ, ಒಂದು ವಾಷರ್ ಹೊರಗೆ ಹಾಕಿ ಮುಂದೆ ಹೊರಟೆವು. ಹೊಸ ಬೆಲ್ಟ್ ಮೊದಲ ಓಟದಲ್ಲಿ ಹಿಗ್ಗುತ್ತದೆ.

12. ಈಗಿನ ಸ್ಥಿತಿ, ಉಳಿದ ಕೆಲಸ

500 ಕಿ.ಮೀ. ಓಡಿದ ಮೇಲೆ ಆಯಿಲ್ ಬದಲಿಸಿದೆವು. ಜಾಲರಿಯಲ್ಲಿ ಲೋಹದ ಪುಡಿ ಇರಲಿಲ್ಲ, ಅಡಿಕೆ ನಾರಿನ ಎಳೆ ಎರಡು ಸಿಕ್ಕವು. ಟ್ಯಾಪೆಟ್‌ಗಳಲ್ಲಿ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಮಾತ್ರ 0.12ಕ್ಕೆ ಇಳಿದಿತ್ತು, ಹೊಸ ವಾಲ್ವ್ ಸೀಟಿಗೆ ಒಗ್ಗುವಾಗ ಹೀಗಾಗುವುದು ಸಹಜ. ಮತ್ತೆ 0.15 ಮಾಡಿದ್ದೇವೆ. ಮುಂದಿನ ಬಾರಿಯೂ ಇಳಿದಿದ್ದರೆ ವಾಲ್ವ್ ಹಿಗ್ಗುತ್ತಿದೆ ಎಂದರ್ಥ, ಆಗ ಹೆಡ್ ಮತ್ತೆ ಬಿಚ್ಚಬೇಕು. ಕಂಪ್ರೆಷನ್ ಈಗ ನಾಲ್ಕೂ 115ರಿಂದ 122ರೊಳಗೆ.

ಎರಡು ಬಾರಿಯ ಆಯಿಲ್ ಸೇರಿ ಒಟ್ಟು ಖರ್ಚು 29 ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಕೂಲಿ ಇಲ್ಲ. ಅಂಗಳ, ಊಟ, ಕಾಫಿ ಗೆಳೆಯನ ಮನೆಯದು.

ಬಲಬದಿಯ ಹೀಟರ್ ಪೆಟ್ಟಿಗೆ ತುಕ್ಕು ಹಿಡಿದಿದೆ, ಅದನ್ನು ಬೆಸೆಯಬೇಕು. ಸ್ಟಿಯರಿಂಗ್ ಬಾಕ್ಸಿನಲ್ಲಿ ಆಟ ಇದೆ. ಹಿಂದಿನ ಬ್ರೇಕ್ ಸಿಲಿಂಡರ್ ಒಂದು ಒದ್ದೆಯಾಗಿ ಕಾಣುತ್ತಿದೆ. ಅದಕ್ಕೆ ಹಿಂದಿನ ಚಕ್ರದ ನಟ್ ಬಿಚ್ಚಬೇಕು, ಅದೂ 36ರದ್ದೇ, ಪೈಪು ಸಿದ್ಧವಿದೆ. ಬ್ರೇಕ್ ಮೊದಲು, ಉಳಿದದ್ದು ಆಮೇಲೆ. ಮಳೆಗಾಲದಲ್ಲಿ ಗಾಡಿ ಶಿವಮೊಗ್ಗದಲ್ಲಿ ಲೇತ್ ಅಂಗಡಿಯೊಳಗೆ ಇರುತ್ತದೆ. ಫ್ಯಾನಿನ ಗಾಳಿ ಎಳೆಯುವ ಬಾಯಿಗೆ ಕಾಲಿಂಚಿನ ತಂತಿಜಾಲರಿ ಕಟ್ಟಿದ್ದೇವೆ. ಗಾಡಿ ಹೊರಡಿಸುವ ಮುನ್ನ ಬಿಚ್ಚಬೇಕೆಂದು ಕೀಲಿಕೈಗೆ ಕೆಂಪು ಬಟ್ಟೆ ಕಟ್ಟಿ ಇಟ್ಟಿದೆ.